ಕಲ್ಲು ದಾಟಿದರೆ ಹಡಗು

ಬಾಲಿಯ ತುಲಂಬೆನ್ ದಂಡೆಯಲ್ಲಿ ಮರಳಿಲ್ಲ, ಬರೀ ಕಲ್ಲು. ಕರ್ರಗಿನ, ನುಣುಪಾದ, ಮುಷ್ಟಿಗಾತ್ರದಿಂದ ಹಿಡಿದು ಸಿಪ್ಪೆ ಸುಲಿದ ತೆಂಗಿನಕಾಯಿಯಷ್ಟರವರೆಗಿನ ಕಲ್ಲು. ಅಲೆ ಮೇಲೇರಿ ಬರುವಾಗ ಅಷ್ಟೇನೂ ಸದ್ದಿಲ್ಲ. ಹಿಂದಕ್ಕೆ ಸರಿಯುವಾಗ ಅಷ್ಟೂ ಕಲ್ಲುಗಳು ಒಂದರ ಮೇಲೊಂದು ಹೊರಳಿ ಗರಗರ ಅನ್ನುತ್ತವೆ, ಅಂಗಳದಲ್ಲಿ ಯಾರೋ ಒಣಗಿದ ಅಡಿಕೆ ಮೂಟೆ ಸುರಿದ ಹಾಗೆ. ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷ. ಬೆನ್ನ ಮೇಲೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ಪಟ್ಟಿ, ಕೈಯಲ್ಲಿ ಈಜುವಾಗ ಕಾಲಿಗೆ ಹಾಕುವ ಫಿನ್ನು, 47 ವರ್ಷ ಸವೆದ ಮಂಡಿ. ದಡದಿಂದ ಮುಳುಗಿದ ಹಡಗಿಗೆ ಮೂವತ್ತು ನಲವತ್ತು ಮೀಟರ್ ಅಷ್ಟೇ ಅಂತ ಹೊರಡುವ ಮುಂಚೆ ಓದಿಕೊಂಡಿದ್ದೆ. ಆ ಮೀಟರುಗಳಿಗಿಂತ ಮುಂಚೆ ಬರುವ ಹತ್ತು ಹೆಜ್ಜೆಗಳ ಬಗ್ಗೆ ಯಾರೂ ಬರೆದಿರಲಿಲ್ಲ.

ಬಲಗಾಲಿಟ್ಟೆ, ಕಲ್ಲು ಜಾರಿತು. ಎಡಗಾಲಿಟ್ಟೆ, ಅದೂ ಜಾರಿತು. ಎರಡೂ ಕೈ ಚಾಚಿ ಕುಡಿದವನ ಹಾಗೆ ನಿಂತಿದ್ದಾಗ ಪಕ್ಕದಿಂದ ಒಬ್ಬ ಹೆಂಗಸು ದಾಟಿ ಹೋದರು. ವಯಸ್ಸು ಅರವತ್ತರ ಆಚೀಚೆ. ಕಾಲಲ್ಲಿ ಹವಾಯಿ ಚಪ್ಪಲಿ, ತಲೆ ಮೇಲೆ ಹಳೆ ಬಟ್ಟೆ ಸುತ್ತಿದ ಸಿಂಬೆ, ಸಿಂಬೆಯ ಮೇಲೆ ಅಡ್ಡಡ್ಡ ಎರಡು ಸಿಲಿಂಡರ್. ಗಾಳಿ ತುಂಬಿದ ಒಂದು ಅಲ್ಯೂಮಿನಿಯಂ ಸಿಲಿಂಡರ್ ಹದಿನಾರು ಹದಿನೇಳು ಕೆ.ಜಿ. ತೂಗುತ್ತದೆ, ಎರಡಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಒಂದು ಕೈಯನ್ನು ಮೇಲೆ ಸುಮ್ಮನೆ ತಾಗಿಸಿಕೊಂಡಿದ್ದರು, ಹಿಡಿದುಕೊಂಡಿದ್ದರು ಅಂತ ಹೇಳಲಾರೆ. ಇನ್ನೊಂದು ಕೈಯಲ್ಲಿ ಯಾರದೋ ಫಿನ್ನು. ಕೆಳಗೆ ನೋಡುತ್ತಲೇ ಇರಲಿಲ್ಲ. ಯಾವ ಕಲ್ಲು ನಿಲ್ಲುತ್ತದೆ, ಯಾವುದು ಹೊರಳುತ್ತದೆ ಅಂತ ಅವರ ಅಂಗಾಲಿಗೆ ಗೊತ್ತಿತ್ತು.

ಹಿಂದೆ ಕಟ್ಟೆಯ ಮೇಲೆ ಕೂತಿದ್ದ ನನ್ನ ಹೆಂಡತಿ ಕೂಗಿದಳು: "ರೀ, ನಾಚಿಕೆ ಬಿಟ್ಟು ಅವರ ಕೈ ಹಿಡ್ಕೊಂಡು ಹೋಗಿ."

ಹಿಡಿದುಕೊಂಡೆ.

ಬಾಲಿ ಅಂದರೆ ಹನಿಮೂನು, ಅಕ್ಕಿಗದ್ದೆಯ ಉಯ್ಯಾಲೆ, ಈಜುಕೊಳದಲ್ಲಿ ತೇಲಿಬಿಟ್ಟ ತಿಂಡಿತಟ್ಟೆ ಅಂದುಕೊಂಡಿದ್ದವನು ನಾನು. ಈಗ ಬೆಂಗಳೂರಿನಿಂದ ನೇರ ವಿಮಾನ ಬೇರೆ ಇರುವುದರಿಂದ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಜನ ಹೋಗಿ ಬಂದಿದ್ದಾರೆ. ತುಲಂಬೆನ್ ಇರುವುದು ಆ ಬಾಲಿಯಲ್ಲಲ್ಲ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಮೂರು ತಾಸು ಈಶಾನ್ಯಕ್ಕೆ ಹೋಗಬೇಕು, ಕರಂಗಾಸೆಮ್ ಎಂಬ ಜಿಲ್ಲೆ. ದಾರಿಯಲ್ಲಿ ಹಸಿರು ಒಣಗುತ್ತಾ ಬರುತ್ತದೆ. ಆಗುಂಗ್ ಪರ್ವತದ ಮಳೆ ಕಡಿಮೆಯಾದ ಮಗ್ಗುಲು ಅದು. ಮಂಡ್ಯದಿಂದ ಹೊರಟವರು ಪಾವಗಡದಲ್ಲಿ ಇಳಿದ ಹಾಗಾಗುತ್ತದೆ, ಪಕ್ಕದಲ್ಲಿ ಸಮುದ್ರ ಇದೆ ಅನ್ನುವುದೊಂದು ವ್ಯತ್ಯಾಸ. ಊರಿನ ಹೆಸರೇ ಕಲ್ಲುಗಳಿಂದ ಬಂದದ್ದು ಅಂತ ಅಲ್ಲಿಯವರು ಹೇಳುತ್ತಾರೆ. ಒಂದು ಹೆದ್ದಾರಿ, ಹೆದ್ದಾರಿಯ ಸಮುದ್ರದ ಬದಿಗೆ ಸಾಲಾಗಿ ಡೈವಿಂಗ್ ಅಂಗಡಿಗಳು ಮತ್ತು ಸಣ್ಣ ವಸತಿಗಳು, ಆಚೆ ಬದಿಗೆ ಬೆಟ್ಟ. ಊರು ಅಂದರೆ ಅಷ್ಟೇ. ಅಷ್ಟಾದರೂ ಇರುವುದಕ್ಕೆ ಕಾರಣ ನೀರೊಳಗೆ ಮಗ್ಗುಲಾಗಿ ಮಲಗಿರುವ ಆ ಹಡಗು.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ದೊಡ್ಡ ಸಾಹಸಿ ಅಂದುಕೊಂಡೀರಿ. ನಾನು ಹೊನ್ನಾವರದ ಕಡೆಯವನು. ಸಮುದ್ರದ ಸದ್ದು ಕೇಳುತ್ತಲೇ ಬೆಳೆದವನು, ಈಜು ಕಲಿತದ್ದು ಮಾತ್ರ 38ನೇ ವಯಸ್ಸಿನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕೊಳದಲ್ಲಿ, ಆರು ವರ್ಷದ ಮಕ್ಕಳ ಜೊತೆ. ನಮ್ಮ ಕಡೆ ಸಮುದ್ರ ಅಂದರೆ ಮೀನಿನವರದು, ಉಳಿದವರಿಗೆ ಅಮಾವಾಸ್ಯೆಯ ಸ್ನಾನದ್ದು. ಡೈವಿಂಗ್ ಹುಚ್ಚು ಹತ್ತಿದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಆ ಗುಡ್ಡಕ್ಕೆ ದೋಣಿಯಲ್ಲಿ ಹೋಗುವಷ್ಟರಲ್ಲಿ ಬೆಳಗಿನ ಅವಲಕ್ಕಿ ಸಮುದ್ರಪಾಲು. ಹೊಟ್ಟೆ ಖಾಲಿಯಾದ ಮೇಲೆ ನೀರಿಗೆ ಬಿದ್ದರೆ ಸ್ವರ್ಗ. ಅಲ್ಲೇ ಕೋರ್ಸು ಮುಗಿಸಿದೆ. ಓಪನ್ ವಾಟರ್ ಅಂತ ಒಂದು ಕಾರ್ಡು ಕೊಡುತ್ತಾರೆ, 18 ಮೀಟರ್ ಆಳದವರೆಗೆ ಹೋಗಬಹುದು. ಡ್ರೈವಿಂಗ್ ಲೈಸೆನ್ಸಿನಲ್ಲಿರುವ ನನ್ನ ಫೋಟೋಕ್ಕಿಂತ ಆ ಕಾರ್ಡಿನ ಫೋಟೋ ಚೆನ್ನಾಗಿದೆ ಅನ್ನುವುದು ಅದರ ಇನ್ನೊಂದು ಉಪಯೋಗ.

ದೋಣಿಯ ವಾಂತಿ ಇಲ್ಲದೆ, ನಡೆದುಕೊಂಡೇ ಹೋಗಿ ಮುಳುಗಬಹುದಾದ ಹಡಗೊಂದಿದೆ ಅಂತ ಕೇಳಿದಾಗ ನನಗೆ ಮೊದಲು ಹೊಳೆದದ್ದು ಹೊಟ್ಟೆಯ ಸಮಾಧಾನವೇ. ಇತಿಹಾಸ ಆಮೇಲೆ ಬಂತು.

ಹಡಗಿನ ಹೆಸರು ಲಿಬರ್ಟಿ. ಹೆಸರಿನ ಹಿಂದೆ ಯುಎಸ್‌ಎಟಿ ಎಂಬ ನಾಲ್ಕು ಅಕ್ಷರ; ಅಮೆರಿಕದ ಸೇನೆಯ ಸಾಗಾಟದ ಹಡಗು ಅಂತ ಅರ್ಥ. ಎರಡನೇ ಮಹಾಯುದ್ಧದಲ್ಲಿ ಸಾಲುಸಾಲಾಗಿ ಕಟ್ಟಿ ಬಿಟ್ಟ 'ಲಿಬರ್ಟಿ ಹಡಗು'ಗಳಲ್ಲಿ ಇದೂ ಒಂದು ಅಂತ ಹೇಳುವವರು ಇಂದಿಗೂ ಸಿಗುತ್ತಾರೆ. ಅದು ತಪ್ಪು. ಆ ಹಡಗುಗಳು ನೀರಿಗಿಳಿಯಲು ಶುರುವಾದದ್ದು 1941ರಲ್ಲಿ. ಇದು ಅವುಗಳ ಅಜ್ಜಿ, 1918ರಲ್ಲಿ ನ್ಯೂಜೆರ್ಸಿಯ ಕರ್ನಿಯಲ್ಲಿ ಕಟ್ಟಿದ್ದು. ಉದ್ದ ಸುಮಾರು 125 ಮೀಟರ್. ಹುಟ್ಟಿದ ವರ್ಷವೇ ಮೊದಲ ಮಹಾಯುದ್ಧದ ಬಾಲ ಹಿಡಿದು ಫ್ರಾನ್ಸಿಗೆ ಸಾಮಾನು ಹೊತ್ತಿತು, ಜೊತೆಗೆ ಕುದುರೆಗಳನ್ನೂ. ಆಮೇಲೆ ಎರಡು ದಶಕ ಸಾಧಾರಣ ಸರಕು. ಹೊರುವುದಕ್ಕೆಂದೇ ಹುಟ್ಟಿದ ಹಡಗು ಅದು. ತಲೆ ಕೊಟ್ಟು ಹೊತ್ತದ್ದು ಬಿಟ್ಟರೆ ಯಾವ ಶೌರ್ಯದ ಕಥೆಯೂ ಅದರ ಹೆಸರಿಗಿಲ್ಲ. ನನಗೆ ಅದು ಇಷ್ಟವಾದದ್ದೂ ಅದಕ್ಕೇ.

1942ರ ಜನವರಿ 11. ಹಡಗು ಆಸ್ಟ್ರೇಲಿಯಾದಿಂದ ಫಿಲಿಪೈನ್ಸ್ ಕಡೆಗೆ ಹೊರಟಿತ್ತು. ಒಳಗೆ ರೈಲಿನ ಬಿಡಿಭಾಗ ಮತ್ತು ರಬ್ಬರ್. ಬಾಲಿ ಮತ್ತು ಲೊಂಬೊಕ್ ದ್ವೀಪಗಳ ನಡುವಿನ ಜಲಸಂಧಿಯ ಹತ್ತಿರ ಜಪಾನಿನ ಐ-166 ಎಂಬ ಜಲಾಂತರ್ಗಾಮಿ ಟಾರ್ಪಿಡೊ ಬಿಟ್ಟಿತು. ಏಟು ಬಿತ್ತು, ಹಡಗು ಮುಳುಗಲಿಲ್ಲ. ಅಮೆರಿಕದ ಒಂದು, ಡಚ್ಚರ ಒಂದು, ಹೀಗೆ ಎರಡು ಡೆಸ್ಟ್ರಾಯರ್ ಯುದ್ಧನೌಕೆಗಳು ಅದಕ್ಕೆ ಹಗ್ಗ ಕಟ್ಟಿ ಬಾಲಿಯ ಉತ್ತರ ತೀರದ ಸಿಂಗರಾಜ ಬಂದರಿನ ಕಡೆ ಎಳೆಯತೊಡಗಿದವು. ಆಗ ಬಾಲಿಯಲ್ಲಿ ಡಚ್ಚರ ಆಡಳಿತದ ಕೇಂದ್ರ ಇದ್ದದ್ದು ಅಲ್ಲೇ. ಅಲ್ಲಿಯವರೆಗೆ ಹೋಗಲು ಹಡಗಿಗೆ ಆಗಲಿಲ್ಲ, ಒಳಗೆ ನೀರು ಏರುತ್ತಲೇ ಇತ್ತು. ಸಾಮಾನಾದರೂ ಉಳಿಯಲಿ ಅಂತ ಅದನ್ನು ತುಲಂಬೆನ್‌ನ ಕಲ್ಲಿನ ದಂಡೆಗೆ ಹತ್ತಿಸಿಬಿಟ್ಟರು. ಫೆಬ್ರವರಿ ಮುಗಿಯುವಷ್ಟರಲ್ಲಿ ಬಾಲಿ ಜಪಾನೀಯರ ಕೈಗೆ ಹೋಯಿತು.

ನನ್ನನ್ನು ಹಿಡಿದದ್ದು ಟಾರ್ಪಿಡೊ ಅಲ್ಲ, ಅಲ್ಲಿಂದ ಮುಂದಿನ 21 ವರ್ಷ. ಅಷ್ಟು ಕಾಲ ಅದು ದಡದಲ್ಲೇ ಕೂತಿತ್ತು. ಮುಳುಗಿದ ಹಡಗಾಗಿ ಅಲ್ಲ, ಊರ ಮುಂದೆ ಕೆಟ್ಟು ನಿಂತ ಲಾರಿಯ ಹಾಗೆ. ಕೆಟ್ಟು ನಿಂತ ಲಾರಿಗೆ ಏನಾಗುತ್ತದೋ ಅದೇ ಆಯಿತು: ಮೊದಲು ಸರಕು ಇಳಿಯಿತು, ಆಮೇಲೆ ಬಿಚ್ಚಲು ಬರುವುದೆಲ್ಲ ಬಿಚ್ಚಿ ಹೋಯಿತು. ಆ ದಂಡೆಯಲ್ಲಿ ಆಡಿ ಬೆಳೆದ ಮಕ್ಕಳಿಗೆ ಅದು ಯುದ್ಧದ ನೆನಪಾಗಿರಲಿಕ್ಕಿಲ್ಲ. ಗೋಡೆಯಾಗಿತ್ತು, ನೆರಳಾಗಿತ್ತು, ಮರೆಯಲ್ಲಿ ಕೂತು ಬೀಡಿ ಸೇದುವ ಜಾಗವಾಗಿತ್ತು ಅಂತ ನಾನು ಊಹಿಸಿಕೊಳ್ಳುತ್ತೇನೆ.

ಅದನ್ನು ಸಮುದ್ರಕ್ಕೆ ತಳ್ಳಿದ್ದು ಯುದ್ಧವಲ್ಲ, ಬೆಟ್ಟ. 1963ರಲ್ಲಿ ಆಗುಂಗ್ ಸಿಡಿಯಿತು. ಫೆಬ್ರವರಿಯಲ್ಲಿ ಗುಡುಗು ಶುರು, ಮಾರ್ಚ್ 17ರಂದು ಮಹಾಸ್ಫೋಟ. ಸಾವಿರಕ್ಕೂ ಹೆಚ್ಚು ಜನ ಸತ್ತರು. ನೆಲ ನಡುಗಿ ಹಡಗು ದಡದಿಂದ ಕೆಳಗೆ ಜಾರಿತು, ಇಳಿಜಾರಿನ ಮರಳಿನ ಮೇಲೆ ಮಗ್ಗುಲಾಗಿ ಮಲಗಿತು. ಮೇಲಿನ ಅಂಚು ನೀರಿನ ಮಟ್ಟದಿಂದ ಐದಾರು ಮೀಟರ್, ತಳದ ಅಂಚು ಮೂವತ್ತರ ಹತ್ತಿರ. ಎಲ್ಲೋ ನಡುಸಮುದ್ರದಲ್ಲಿ ಆಳಕ್ಕೆ ಹೋಗಬೇಕಾಗಿದ್ದದ್ದು, ಹೀಗೆ ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವಷ್ಟು ದೂರದಲ್ಲಿ ಬಿದ್ದುಕೊಂಡಿತು.

ಆ ವರ್ಷದ ಇನ್ನೊಂದು ಸಂಗತಿ ನಮ್ಮ ಕಿವಿಗೆ ತಟ್ಟನೆ ಪರಿಚಿತ ಅನ್ನಿಸುತ್ತದೆ. ಆಗುಂಗ್‌ನ ತಪ್ಪಲಲ್ಲಿ ಬೆಸಾಕಿ ಎಂಬ ದೇವಸ್ಥಾನಗಳ ಸಮೂಹ ಇದೆ, ಬಾಲಿಯವರಿಗೆ ತಾಯಿ ದೇವಸ್ಥಾನ. ನೂರು ವರ್ಷಕ್ಕೊಮ್ಮೆ ಮಾಡಬೇಕಾದ ದೊಡ್ಡ ಶಾಂತಿ ಆ ವರ್ಷವೇ ಅಲ್ಲಿ ನಡೆಯುತ್ತಿತ್ತು. ಹೆಸರು ಏಕಾದಶ ರುದ್ರ. ಮೇಲೆ ಬೆಟ್ಟ ಗುಡುಗುತ್ತಿದ್ದರೂ ನಿಲ್ಲಿಸದೆ ಮಾಡಿದರು. ಮುಹೂರ್ತ ತಪ್ಪಿತು, ಅದಕ್ಕೇ ರುದ್ರ ಮುನಿದ ಅಂದವರಿದ್ದರು. ಲಾವಾ ದೇವಸ್ಥಾನದ ಪಕ್ಕದಲ್ಲೇ ಹರಿದು ಹೋಯಿತು, ಒಳಗೆ ಬರಲಿಲ್ಲ. ದೇವರು ಕಾಪಾಡಿದ ಅಂದವರೂ ಇದ್ದರು. 1979ರಲ್ಲಿ ಶಾಂತಿಯನ್ನು ಮತ್ತೊಮ್ಮೆ ಮಾಡಿದರು. ಇದನ್ನು ಊರಿಗೆ ಫೋನ್ ಮಾಡಿದಾಗ ಆಯಿಗೆ ಹೇಳಿದೆ. ಅಷ್ಟು ದೂರದಲ್ಲೂ ರುದ್ರ ಹೇಳ್ತಾರಾ ಅಂತ ಒಂದು ಪ್ರಶ್ನೆ, ಊಟಕ್ಕೆ ಏನು ಸಿಗ್ತದೆ ಅಂತ ಇನ್ನೊಂದು ಪ್ರಶ್ನೆ.

ಕೈ ಹಿಡಿದು ದಾಟಿಸಿದ ಆ ಹೆಂಗಸು ನನ್ನನ್ನು ಸೊಂಟಮಟ್ಟದ ನೀರಿನಲ್ಲಿ ಗೈಡ್‌ಗೆ ಒಪ್ಪಿಸಿ ವಾಪಸು ಹೋದರು. ಗೈಡಿನ ಹೆಸರು ಹೇಳಿ ಪ್ರಯೋಜನವಿಲ್ಲ. ಬಾಲಿಯಲ್ಲಿ ಮೊದಲ ಮಗು ವಯಾನ್, ಎರಡನೆಯದು ಮಾಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್, ಐದನೆಯದು ಬಂದರೆ ಮತ್ತೆ ವಯಾನ್. ಬೀದಿಯಲ್ಲಿ ನಿಂತು ಕೂಗಿದರೆ ಕಾಲುಭಾಗ ಊರು ತಿರುಗಿ ನೋಡುತ್ತದೆ. ನಮ್ಮವನು ಮೂರನೆಯವನು, ಅಷ್ಟು ಸಾಕು. ಅಂಗಡಿಯ ಮುಂದೆ 'ಓಂ ಸ್ವಸ್ತ್ಯಸ್ತು' ಅಂತ ಕೈ ಮುಗಿದು, ಗಾಳಿ ತುಂಬುವ ಕಂಪ್ರೆಸರಿನ ಮೇಲೆ ಗರಿಯ ಪುಟ್ಟ ಬುಟ್ಟಿಯಲ್ಲಿ ಹೂವು, ಊದುಬತ್ತಿ, ಒಂದು ಬಿಸ್ಕತ್ತು ಇಟ್ಟು ಬಂದಿದ್ದ. 210 ದಿನಕ್ಕೊಮ್ಮೆ ತುಂಪೆಕ್ ಲಂಡೆಪ್ ಅಂತ ಕಬ್ಬಿಣದ ಸಾಮಾನಿಗೆ, ಗಾಡಿಗೆ ಪೂಜೆಯಂತೆ. ನಮ್ಮ ಆಯುಧಪೂಜೆ! ಸಿಲಿಂಡರಿಗೂ ಪೂಜೆ ಆಗುತ್ತದಾ ಅಂತ ಕೇಳಿದೆ. ನಿನ್ನ ಉಸಿರು ಅದರೊಳಗೇ ತಾನೇ ಇರುವುದು ಅಂತ ನಕ್ಕ.

ಫಿನ್ನು ಹಾಕಿಕೊಂಡು ಮುಖ ಕೆಳಗೆ ಮಾಡಿದೆ. ಮೇಲಿನ ಗರಗರ ನೀರೊಳಗೂ ಕೇಳುತ್ತದೆ, ಸ್ವಲ್ಪ ಮೆತ್ತಗೆ, ಎಲ್ಲ ದಿಕ್ಕಿನಿಂದಲೂ. ಕಲ್ಲು ಮುಗಿದು ಬೂದಿ ಬಣ್ಣದ ಮರಳಿನ ಇಳಿಜಾರು ಶುರುವಾಯಿತು. ಮೂಗು ಹಿಡಿದು ಊದಿ ಕಿವಿ ಸರಿಮಾಡಿಕೊಳ್ಳುತ್ತಾ ಇಳಿದೆ. ಮರಳಿನಿಂದ ನೂರಾರು ತೆಳ್ಳಗಿನ ಹಾವುಮೀನುಗಳು ಮೊಣಕಾಲೆತ್ತರಕ್ಕೆ ನಿಂತು ತೂಗುತ್ತಿದ್ದವು, ಗದ್ದೆಯಲ್ಲಿ ನೆಟ್ಟ ಸಸಿಗಳ ಹಾಗೆ. ಹತ್ತಿರ ಹೋದಂತೆ ಒಂದೊಂದೇ ಸಾಲು ಬಾಲದ ಕಡೆಯಿಂದ ಬಿಲಕ್ಕೆ ಸರಿದು ಮಾಯವಾಗುತ್ತಿತ್ತು, ದಾಟಿ ಹೋದ ಮೇಲೆ ಹಿಂದೆ ಮತ್ತೆ ಎದ್ದು ನಿಲ್ಲುತ್ತಿತ್ತು. ಅವುಗಳನ್ನೇ ನೋಡುತ್ತಿದ್ದವನ ತೋಳನ್ನು ಮೂರನೆಯವನು ತಟ್ಟಿ ಮುಂದೆ ತೋರಿಸಿದ.

ಹಡಗು ಅಂತ ಮೊದಲು ತಿಳಿಯಲೇ ಇಲ್ಲ. ಕತ್ತಲೆ ಸ್ವಲ್ಪ ಗಟ್ಟಿಯಾದ ಹಾಗಿತ್ತು. ಆ ಗಟ್ಟಿ ಕತ್ತಲೆಗೆ ಅಂಚು ಬಂತು, ಅಂಚಿಗೆ ಪಕ್ಕೆಲುಬು ಬಂದವು. ಒಂದೊಂದು ಪಕ್ಕೆಲುಬಿನಿಂದಲೂ ಪೊದೆ ಬೆಳೆದಿತ್ತು, ಪೊದೆಯಲ್ಲಿ ಮೀನು. ನೇರ ಗೆರೆ ಅನ್ನುವುದು ಎಲ್ಲೂ ಉಳಿದಿರಲಿಲ್ಲ. ಟಾರ್ಚ್ ಬಿಟ್ಟಾಗ ಎದೆ ಒಮ್ಮೆ ಝಲ್ ಅಂದಿತು. ನೀರೊಳಗೆ ಬಣ್ಣಗಳಲ್ಲಿ ಮೊದಲು ಸಾಯುವುದು ಕೆಂಪು. ಹತ್ತು ಮೀಟರ್ ದಾಟಿದರೆ ಎಲ್ಲವೂ ನೀಲಿ ಬೆರೆತ ಬೂದಿ. ಟಾರ್ಚಿನ ವೃತ್ತದೊಳಗೆ ಮಾತ್ರ ಕಬ್ಬಿಣದ ತೊಲೆಯ ತುಂಬ ಕುಂಕುಮ ಚೆಲ್ಲಿದ ಹಾಗೆ ಸ್ಪಂಜು. ವೃತ್ತ ಸರಿದರೆ ಮತ್ತೆ ಬೂದಿ. ಇಷ್ಟು ಕೆಂಪು ಯಾರೂ ನೋಡದ ಕಡೆ ಯಾಕಿದೆ ಅಂತ ಅಲ್ಲೇ ತೇಲುತ್ತಾ ಯೋಚಿಸಿದೆ. ಯೋಚಿಸುವುದಕ್ಕೂ ಗಾಳಿ ಖರ್ಚಾಗುತ್ತದೆ, ಅದು ಮರೆತಿತ್ತು.

ಅಷ್ಟು ಬೇಗ ಎದ್ದು ಬಂದದ್ದು ಯಾಕೆ ಅಂತ ಆಗ ಗೊತ್ತಾಯಿತು. ಹಣೆ ಉಬ್ಬಿದ ಗಿಳಿಮೀನುಗಳು ರಾತ್ರಿ ಈ ಹಡಗಿನೊಳಗೆ ಮಲಗಿ, ಬೆಳಕು ಹರಿಯುವ ಹೊತ್ತಿಗೆ ಗುಂಪಾಗಿ ಹೊರಬೀಳುತ್ತವೆ. ಮೊದಲು ಒಂದು ಬಂತು. ಮೀನು ಅನ್ನುವುದಕ್ಕಿಂತ ಎಮ್ಮೆ ಅನ್ನಬೇಕು. ಮೀಟರಿಗೂ ಉದ್ದ, ಹಸಿರು ಮಿಶ್ರಿತ ಬೂದು ಮೈ, ಗೋಡೆಗೆ ಗುದ್ದಿ ಊದಿಕೊಂಡಂಥ ಹಣೆ, ಕೊಕ್ಕಿನಂಥ ಬಾಯಿಯಲ್ಲಿ ಎದ್ದು ಕಾಣುವ ಹಲ್ಲು. ಅದರ ಹಿಂದೆ ಇನ್ನೊಂದು, ಆಮೇಲೆ ಲೆಕ್ಕ ತಪ್ಪಿತು, ಮೂವತ್ತಾದರೂ ಇದ್ದವು. ನಮ್ಮೂರಲ್ಲಿ ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ದನ ಹೇಗೆ ಹೊರಡುತ್ತವೋ ಹಾಗೆ, ಗಡಿಬಿಡಿ ಇಲ್ಲ, ನಮ್ಮ ಕಡೆ ಲಕ್ಷ್ಯವೂ ಇಲ್ಲ. ಒಂದು ಹೋಗುತ್ತಾ ಹವಳವನ್ನು ಕಚ್ಚಿತು. ಆ ಕಟಕ್ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು, ಚಕ್ಕುಲಿ ಮುರಿದ ಹಾಗೆ. ಸ್ವಲ್ಪ ಮುಂದೆ ಹೋಗಿ ಹಿಂದಿನಿಂದ ಬಿಳಿ ಮರಳಿನ ಮೋಡವೊಂದನ್ನು ಬಿಟ್ಟಿತು. ಹವಳ ತಿಂದು ಮರಳು ಹಾಕುವುದು ಅವುಗಳ ಉದ್ಯೋಗ. ಉಷ್ಣವಲಯದ ಬಿಳಿ ಮರಳಿನ ದಂಡೆಗಳಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವವರು ಇದನ್ನು ಒಮ್ಮೆ ನೋಡಬೇಕು.

ಹಾಗೆ ಬಾಯಿ ಬಿಟ್ಟು ನೋಡುವುದರಲ್ಲಿ, ಬಾಯಿ ಅಂದರೆ ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡೇ, ಗಾಳಿಯ ಮೀಟರು ನೋಡಲು ಮರೆತೆ. ಕೆಳಗೆ ಗಾಳಿ ಖರ್ಚಾಗುವ ಲೆಕ್ಕ ಬೇರೆ. ಹತ್ತು ಮೀಟರಿನಲ್ಲಿ ಒತ್ತಡ ಎರಡು ಪಟ್ಟು, ಹಾಗಾಗಿ ಒಂದು ಉಸಿರಿಗೆ ಎರಡು ಉಸಿರಿನ ಗಾಳಿ ಹೋಗುತ್ತದೆ, ಇಪ್ಪತ್ತರಲ್ಲಿ ಮೂರು. ಹೆದರಿದರೂ ಖುಷಿಯಾದರೂ ಏದುಸಿರು ಬೇರೆ. ಸಿಲಿಂಡರಿನ ಒತ್ತಡ ಇಳಿಯುವಾಗ 200 ಬಾರ್ ಇದ್ದದ್ದು, 27ನೇ ನಿಮಿಷಕ್ಕೆ ನೋಡಿದರೆ 60. ಐವತ್ತಕ್ಕೆ ಮೇಲೆ ಬಂದಿರಬೇಕು ಅನ್ನುವುದು ಪಾಠ. ಮೂರನೆಯವನಿಗೆ ಬೆರಳಲ್ಲಿ ತೋರಿಸಿದೆ. ಅವನ ಮುಖದಲ್ಲಿ ಗಾಬರಿ ಇಲ್ಲ, ನಿನ್ನಂಥವರನ್ನು ದಿನಾ ನೋಡುತ್ತೇನೆ ಅನ್ನುವ ಭಾವ. ತನ್ನ ಮೀಟರು ತೋರಿಸಿದ: 140. ಅದೇ ಆಳ, ಅಷ್ಟೇ ಹೊತ್ತು. ತನ್ನ ಬಳಿಯ ಇನ್ನೊಂದು ರೆಗ್ಯುಲೇಟರನ್ನು ನನಗೆ ಕೊಟ್ಟು, ತೋಳು ಹಿಡಿದು, ಮದುವೆ ಮನೆಯಲ್ಲಿ ಅಜ್ಜನನ್ನು ಪಂಕ್ತಿಗೆ ಕರೆದೊಯ್ಯುವ ಹಾಗೆ ಇಳಿಜಾರಿನಲ್ಲಿ ಮೇಲಕ್ಕೆ ಕರೆದುಕೊಂಡು ಬಂದ. ಒಂದೇ ಬೆಳಗಿನಲ್ಲಿ ಎರಡನೇ ಸಲ ಕೈ ಹಿಡಿಸಿಕೊಂಡೆ.

ದಡದಿಂದ ಇಳಿಯುವ ಡೈವಿನ ಸುಖ ಕಡೆಯ ಮೂರು ನಿಮಿಷದಲ್ಲಿದೆ. ಮೇಲೆ ಬರುವ ಮುಂಚೆ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು, ಮೈಯಲ್ಲಿ ಕರಗಿರುವ ನೈಟ್ರೋಜನ್‌ಗೆ ಹೊರಡಲು ಸಮಯ ಕೊಡಬೇಕು. ನೇತ್ರಾಣಿಯಲ್ಲಿ ಇದನ್ನು ದೋಣಿಯ ಲಂಗರು ಹಗ್ಗ ಹಿಡಿದು ನೇತಾಡುತ್ತಾ ಮಾಡಬೇಕಿತ್ತು, ಬಸ್ಸಿನಲ್ಲಿ ನಿಂತು ಹೋದ ಹಾಗೆ. ಇಲ್ಲಿ ಇಳಿಜಾರೇ ಐದು ಮೀಟರಿಗೆ ತಂದು ಬಿಡುತ್ತದೆ. ಕಲ್ಲುಗಳ ಮೇಲೆ ಹೊಟ್ಟೆ ಚಾಚಿ ಮಲಗಿದ ಹಾಗೆ ತೇಲುತ್ತಾ, ಬಿಸಿಲು ಬಲೆಬಲೆಯಾಗಿ ಕೆಳಗೆ ಆಡುವುದನ್ನು ನೋಡುತ್ತಾ ಇರುವುದು. 36 ಕೆ.ಜಿ. ಸಾಮಾನು ಮೈಮೇಲೆ ಇದ್ದರೂ ತೂಕವೇ ಇಲ್ಲ.

ತೂಕ ಮತ್ತೆ ಬರುವುದು ತಲೆ ನೀರಿನಿಂದ ಹೊರಗೆ ಬಂದ ಕೂಡಲೇ, ಅಷ್ಟೂ ಒಟ್ಟಿಗೆ. ಎದ್ದು ನಿಂತೆ, ಹಿಂದಿನಿಂದ ಅಲೆ ತಳ್ಳಿತು, ಕಲ್ಲು ಸರಿಯಿತು, ನಾಲ್ಕು ಕಾಲಲ್ಲಿ ದಡ ಸೇರಿದೆ. ಒಂದು ಫಿನ್ನು ಕೈಬಿಟ್ಟು ಹೋಯಿತು. ಅದೇ ಹೆಂಗಸು ಮೊಣಕಾಲಿನ ನೀರಿಗೆ ಇಳಿದು ಅದನ್ನು ಹಿಡಿದು ತಂದರು. ಇನ್ನೊಂದು ಕೈಯಿಂದ ನನ್ನ ಸಿಲಿಂಡರಿನ ಪಟ್ಟಿ ಬಿಚ್ಚಿ ತಲೆಗೇರಿಸಿಕೊಂಡು ಹೊರಟರು. ನಾನು ಇನ್ನೂ ಕೂತೇ ಇದ್ದೆ.

ನಾಲ್ಕು ದಿನದಲ್ಲಿ ಏಳು ಸಲ ಆ ಹಡಗಿಗೆ ಹೋದೆ. ಮುಳ್ಳುಗರಿ ಬಿಚ್ಚಿ ನಿಂತ ಲಯನ್‌ಫಿಶ್, ಬೆಳ್ಳಿ ಗೋಡೆಯ ಹಾಗೆ ತಿರುಗುವ ಜ್ಯಾಕ್ ಮೀನುಗಳ ಹಿಂಡು, ಸ್ಪಂಜು ಮೆತ್ತಿ ಆಕಾರ ಕಳೆದುಕೊಂಡ ಒಂದು ತೋಪು, ಎಲ್ಲ ನೋಡಿದೆ. ಎಲ್ಲವನ್ನೂ ಬರೆಯುತ್ತಾ ಕೂತರೆ ಮೀನು ಮಾರ್ಕೆಟ್ಟಿನ ಪಟ್ಟಿಯಾಗುತ್ತದೆ. ನೋಡಲಾಗದ್ದನ್ನು ಒಂದು ಹೇಳುತ್ತೇನೆ. ಹಡಗಿನ ಆಳದ ತುದಿ ನನ್ನ ಕಾರ್ಡಿಗೆ ಎಟುಕುವುದಿಲ್ಲ. ಅಲ್ಲಿ ಬೀಸಣಿಗೆಯಂಥ ಹವಳದ ಮೇಲೆ ಎರಡು ಸೆಂಟಿಮೀಟರ್ ಕೂಡ ತುಂಬದ ಕಡಲಕುದುರೆಗಳಿವೆಯಂತೆ, ಮೈಮೇಲಿನ ಗುಳ್ಳೆಗಳೂ ಹವಳದ ಹಾಗೇ. ನಾನು 18 ಮೀಟರಿನಲ್ಲಿ ನಿಂತು ಕೆಳಗೆ ನೋಡಿದೆ; ಪಕ್ಕೆಲುಬುಗಳು ನೀಲಿಯೊಳಗೆ ಇಳಿದು ಹೋಗಿದ್ದವು. ಸಂಜೆ ಪಕ್ಕದ ಕೋಣೆಯ ಕೊರಿಯಾದ ಹುಡುಗಿ ಫೋಟೋ ತೋರಿಸಿದಳು. ಬೆರಳಲ್ಲಿ ದೊಡ್ಡದು ಮಾಡುತ್ತಾ ಮಾಡುತ್ತಾ ಹೋದ ಮೇಲೆ ಒಂದು ಕಣ್ಣು ಕಂಡಿತು. ಫ್ರಾನ್ಸಿಗೆ ಕುದುರೆ ಹೊತ್ತ ಹಡಗಲ್ಲವೇ ಅಂತ ನನಗೆ ನಗು ಬಂತು. ಅವಳಿಗೆ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಅನ್ನ ತಣ್ಣಗಾಯಿತು.

ಯುದ್ಧದ ಅವಶೇಷದ ಮೇಲೆ ಹೀಗೆ ಮಜಾ ಮಾಡುವುದು ಸರಿಯೇ ಅಂತ ಗೆಳೆಯನೊಬ್ಬ ಕೇಳಿದ. ಜನರ ಸಮೇತ ಮುಳುಗಿ ಗೋರಿಯಾಗಿರುವ ಹಡಗುಗಳ ವಿಷಯದಲ್ಲಿ ಅವನ ಪ್ರಶ್ನೆ ನನಗೂ ಇದೆ. ಇದು ಹಾಗಲ್ಲ. ಇಪ್ಪತ್ತೊಂದು ವರ್ಷ ಊರವರ ಕಣ್ಣೆದುರು ಗುಜರಿಯಾಗಿ ನಿಂತು, ಆಮೇಲೆ ಜಾರಿದ ಹಡಗಿನ ಮುಂದೆ ಗಂಭೀರ ಮುಖ ಮಾಡಿ ನಿಲ್ಲುವುದು ನನ್ನಿಂದಾಗದು. ನನಗೆ ಕಾಡಿದ್ದು ಬೇರೆ: ಒಂದು ಊರಿನ ಪಾಲಿಗೆ ಮುಳುಗಿದ ಹಡಗು ಏನಾಗುತ್ತದೆ ಅನ್ನುವುದು ಎಷ್ಟು ಆಕಸ್ಮಿಕ! 2022ರ ಜೂನ್‌ನಲ್ಲಿ ನಮ್ಮ ಉಳ್ಳಾಲದ ಹತ್ತಿರವೂ ಒಂದು ಸರಕು ಹಡಗು ಮುಳುಗಿತು, ಪ್ರಿನ್ಸೆಸ್ ಮಿರಾಲ್. ಉಕ್ಕಿನ ಸುರುಳಿ ಹೊತ್ತು ಲೆಬನಾನಿಗೆ ಹೊರಟಿದ್ದು. 15 ಮಂದಿ ಸಿರಿಯಾದ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಕಾಪಾಡಿದರು. ಆ ಮಳೆಗಾಲದಲ್ಲಿ ಉಳ್ಳಾಲದವರಿಗೆ ಇದ್ದದ್ದು ಎಣ್ಣೆ ಸೋರಿದರೆ ಮೀನಿನ ಗತಿ ಏನು ಅನ್ನುವ ಚಿಂತೆ. ಯಾರಿಗಾದರೂ ಅದನ್ನು ನೋಡಲು ಮುಳುಗಬೇಕು ಅನ್ನಿಸಿದರೂ, ನಮ್ಮ ಆ ಕೆಸರು ನೀರಿನಲ್ಲಿ ಸ್ವಂತ ಕೈ ಕಂಡರೆ ಹೆಚ್ಚು. ಅದೂ ಹಡಗು, ಇದೂ ಹಡಗು. ಇಲ್ಲಿ ನೀರು ತಿಳಿ, ಬಿಸಿ, ಇಳಿಜಾರು ಸಲೀಸು, ಬೆಟ್ಟ ತಳ್ಳಿದ್ದು ಸರಿಯಾದ ಜಾಗಕ್ಕೆ.

ಆ ಬೆಟ್ಟದ ಕೆಲಸ ಮುಗಿದಿಲ್ಲ. 2017ರಲ್ಲಿ ಮತ್ತೆ ಎದ್ದಿತು, ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು, ವಿಮಾನಗಳು ನಿಂತವು. ಕೆಳಗೆ ಕಬ್ಬಿಣವೂ ಪ್ರತಿವರ್ಷ ತೆಳ್ಳಗಾಗುತ್ತಿದೆ. ಹಾಳೆಗಳು ಉದುರುತ್ತವೆ, ಪಕ್ಕೆಲುಬು ಕುಸಿಯುತ್ತವೆ. ಹತ್ತು ಗಂಟೆಯ ನಂತರ ದಕ್ಷಿಣದ ರೆಸಾರ್ಟುಗಳಿಂದ ಬಸ್ಸುಗಳು ಬಂದಾಗ ಅಲ್ಲಿ ಮೀನಿಗಿಂತ ಫಿನ್ನು ಜಾಸ್ತಿ. ಹವಳಕ್ಕೆ ಒದ್ದು ಹೋಗುವವರನ್ನು ಕಂಡಾಗ ಸಿಟ್ಟು ಬಂತು. ಎರಡನೇ ಡೈವಿನಲ್ಲಿ ನಾನೂ ಒದ್ದಿದ್ದೆ ಅಂತ ಮೂರನೆಯವನು ನೆನಪಿಸಿದ.

ಕಡೆಯ ಡೈವ್ ಆದ ಮೇಲೆ 18 ಗಂಟೆ ವಿಮಾನ ಹತ್ತುವಂತಿಲ್ಲ, ನೈಟ್ರೋಜನ್ನಿನದೇ ತಕರಾರು. ಎತ್ತರದ ಬೆಟ್ಟದ ರಸ್ತೆಯೂ ಬೇಡ ಅಂದರು, ಹಾಗಾಗಿ ಬೆಸಾಕಿಗೆ ಹೋಗುವುದೂ ಮರುದಿನಕ್ಕೆ. ಸಂಜೆ ಸುಮ್ಮನೆ ದಂಡೆಯಲ್ಲಿ ಕೂತೆವು. ನನ್ನ ಹೆಂಡತಿ ನೀರಿಗೆ ಇಳಿಯುವವಳಲ್ಲ. ನಾನು ಕೆಳಗಿದ್ದ ಅಷ್ಟೂ ಹೊತ್ತು ಅವಳು ಸಿಲಿಂಡರ್ ಹೊರುವ ಹೆಂಗಸರ ಜೊತೆ ಕೂತಿದ್ದಳು, ಭಾಷೆ ಇಲ್ಲದೆ. ನಾನು ಏಳು ಡೈವಿನಲ್ಲಿ ತಿಳಿದುಕೊಂಡದ್ದಕ್ಕಿಂತ ಹೆಚ್ಚು ಅವಳಿಗೆ ಗೊತ್ತಾಗಿತ್ತು. ಅವರದ್ದೊಂದು ಸಂಘ, ಸರದಿ ಪ್ರಕಾರ ಕೆಲಸ. ನನ್ನ ಕೈ ಹಿಡಿದವರಿಗೆ ಐದು ಮೊಮ್ಮಕ್ಕಳು. ಅವರು ಒಂದು ಸಲವೂ ಆ ಹಡಗನ್ನು ನೋಡಿಲ್ಲ, ನೀರೊಳಗೆ ತಲೆ ಹಾಕಲು ಹೆದರಿಕೆ.

"ಅಷ್ಟು ಹತ್ತಿರ ಇದ್ದು ನೋಡೇ ಇಲ್ವಂತಾ?" ಅಂದೆ.

"ನೀವು ಹೊನ್ನಾವರದಲ್ಲಿ ಮೂವತ್ತೆಂಟು ವರ್ಷ ಸಮುದ್ರ ನೋಡಿದ್ರಾ?" ಅಂದಳು.

ಆ ಹೊತ್ತಿಗೆ ಆ ಹೆಂಗಸು ಖಾಲಿ ಸಿಲಿಂಡರುಗಳನ್ನು ಒಯ್ಯಲು ಬಂದರು. ಇವಳು ಎದ್ದು ನಿಂತು ತಾನೂ ಒಂದು ಹೊರುತ್ತೇನೆ ಅಂತ ಸನ್ನೆ ಮಾಡಿದಳು. ಇಬ್ಬರೂ ನಕ್ಕರು. ಇವಳು ದುಪಟ್ಟಾ ತೆಗೆದು ಸುತ್ತಿ ತಲೆ ಮೇಲೆ ಇಟ್ಟುಕೊಂಡಳು, ಅವರು ಒಂದು ಸಿಲಿಂಡರನ್ನು ಎತ್ತಿ ಅದರ ಮೇಲೆ ಕೂರಿಸಿ ಕೈ ಬಿಟ್ಟರು. ಇವಳು ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಇಟ್ಟಳು. ಐದನೆಯದರಲ್ಲಿ ಕಲ್ಲು ಹೊರಳಿತು. ಸಿಲಿಂಡರ್ ಬೀಳುವ ಮುಂಚೆ ಅವರು ಹಿಡಿದರು, ಇವಳು ಬಿದ್ದ ಮೇಲೆ ನಾನು ಹಿಡಿದೆ.

ವಿಡಿಯೊ ನನ್ನ ಫೋನಿನಲ್ಲಿತ್ತು. ಊರಿಗೆ ಹೋದಾಗ ಆಯಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ಹಿಂದೆ ಸಮುದ್ರ ಇತ್ತು, ಸಂಜೆಯ ಬೆಳಕಿತ್ತು, ಹಡಗು ಇರುವ ಜಾಗದ ಮೇಲೆ ನಾಲ್ಕು ತಲೆಗಳು ತೇಲುತ್ತಿದ್ದವು. ಅದಾವುದರ ಬಗ್ಗೆಯೂ ಮಾತಿಲ್ಲ. ಫೋನು ವಾಪಸು ಕೊಡುತ್ತಾ ಸೊಸೆಯ ಕಡೆ ತಿರುಗಿ, "ಸಿಂಬೆ ಸಮಾ ಸುತ್ಲಿಲ್ಲ ನೀನು. ಸಡ್ಲ ಆಗ್ಯದೆ ನೋಡು. ಆ ಹೆಂಗಸಿಂದು ನೋಡು, ಹೆಂಗೆ ಬಿಗಿ ಉಂಟು" ಅಂದಳು. ಆಮೇಲೆ ಒಳಗೆ ಹೋಗಿ ಹಳೆ ಸೀರೆಯ ತುಂಡೊಂದನ್ನು ತಂದಳು.